ಕೀ ಮೇಲೆ ಬಿದ್ದ ಭಾರ: ಬೈತಕೋಲದ ಟ್ರಾಲ್ ಬೋಟೊಂದರ ಶಾಫ್ಟ್ ಕಪ್ಲಿಂಗ್ ಪ್ರಕರಣ

ಕಾರವಾರದ ಬೈತಕೋಲ ಬಂದರಿನಲ್ಲಿ ಒಂದು ಟ್ರಾಲ್ ಬೋಟ್ ಮೀನು ಇಳಿಸಲು ಜೆಟ್ಟಿಗೆ ಬರುತ್ತಿತ್ತು. ಓಟ ತಗ್ಗಿಸಲು ಬೋಟ್ ನಡೆಸುವ ತಾಂಡೇಲರು ಗೇರನ್ನು ರಿವರ್ಸಿಗೆ ಹಾಕಿ ರೇಸ್ ಕೊಟ್ಟರು. ಎಂಜಿನ್ ಸದ್ದು ಒಮ್ಮೆಲೇ ಏರಿತು, ಬೋಟ್ ನಿಲ್ಲಲಿಲ್ಲ. ಪಕ್ಕದ ಬೋಟಿಗೆ ಕಟ್ಟಿದ್ದ ಟೈರುಗಳಿಗೆ ಒರಗಿ ಹೇಗೋ ನಿಂತಿತು. ಎಂಜಿನ್ ಕೋಣೆಯ ಹಲಗೆ ಎತ್ತಿ ನೋಡಿದರೆ ಕಪ್ಲಿಂಗ್ ಹಬ್ (ಶಾಫ್ಟಿನ ತುದಿಗೆ ಕೂರುವ ಉಕ್ಕಿನ ಜೋಡಣೆ) ಗೇರ್‌ಬಾಕ್ಸಿನ ಫ್ಲೇಂಜಿಗೆ ಅಂಟಿಕೊಂಡೇ ಇತ್ತು, ಫ್ಯಾನನ್ನು (ಪ್ರೊಪೆಲ್ಲರ್) ತಿರುಗಿಸುವ ಶಾಫ್ಟ್ ಮಾತ್ರ ಹಬ್ಬಿನಿಂದ 60 ಮಿಮೀ ಹಿಂದಕ್ಕೆ ಜಾರಿತ್ತು. 75 ಮಿಮೀ ಉದ್ದದ ಹಬ್ಬಿನೊಳಗೆ ಉಳಿದದ್ದು 15 ಮಿಮೀ. ಫ್ಯಾನಿನ ನಟ್ಟು ಹಿಂದಕ್ಕೆ ಸರಿದು ಚುಕ್ಕಾಣಿಗೆ ಒತ್ತಿಕೊಂಡದ್ದರಿಂದ ಅಷ್ಟಕ್ಕೇ ಉಳಿಯಿತು. ಚುಕ್ಕಾಣಿ ಅಡ್ಡ ಬಾರದೆ ಶಾಫ್ಟ್ ಪೂರ್ತಿ ಹೊರಬಿದ್ದಿದ್ದರೆ ಅದು ಒಡಲಿನಿಂದ ಹೊರಹೋಗುವ ಸ್ಟರ್ನ್ ಟ್ಯೂಬಿನಲ್ಲಿ 50 ಮಿಮೀ ತೂತು ತೆರೆದುಕೊಳ್ಳುತ್ತಿತ್ತು. ನೀರಿನ ಮಟ್ಟದಿಂದ 1 ಮೀಟರ್ ಕೆಳಗಿರುವ ಅಂಥ ತೂತಿನಿಂದ ನಿಮಿಷಕ್ಕೆ ಸುಮಾರು 300 ಲೀಟರ್ ನೀರು ಒಳಗೆ ನುಗ್ಗುತ್ತದೆ.

ಆ ಕಪ್ಲಿಂಗ್ ಕೈಕೊಟ್ಟದ್ದು ಅದು ನಾಲ್ಕನೇ ಸಲ. ಹಿಂದಿನ ಮೂರು ಸಲವೂ ರಿಪೇರಿ ಮಾಡಿದವರು ಅನುಭವಸ್ಥರೇ, ಕೆಲಸದಲ್ಲಿ ಅಸಡ್ಡೆಯೂ ಇರಲಿಲ್ಲ. ಆದರೂ ಯಾಕೆ ನಿಲ್ಲಲಿಲ್ಲ ಎಂಬುದೇ ಈ ಪ್ರಕರಣದ ತಿರುಳು.

ಬೋಟಿನ ವಿವರ

ಕಬ್ಬಿಣದ ಒಡಲು. 6 ಸಿಲಿಂಡರಿನ ಡೀಸೆಲ್ ಎಂಜಿನ್, 1800 ಸುತ್ತಿಗೆ 120 ಅಶ್ವಶಕ್ತಿ. ಗೇರ್‌ಬಾಕ್ಸ್ 3ಕ್ಕೆ 1, ಅಂದರೆ ಪೂರ್ತಿ ಓಟದಲ್ಲಿ ಶಾಫ್ಟಿನ ವೇಗ ನಿಮಿಷಕ್ಕೆ 600 ಸುತ್ತು. ಶಾಫ್ಟ್ 50 ಮಿಮೀ ವ್ಯಾಸದ ಸ್ಟೇನ್‌ಲೆಸ್ ಸ್ಟೀಲ್, 3.2 ಮೀಟರ್ ಉದ್ದ. ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ನೇರ ಬೋರಿನ (ಒಳತೂತಿನ) ಮೈಲ್ಡ್ ಸ್ಟೀಲ್ ಹಬ್, ಅದರಲ್ಲಿ 14×9 ಮಿಮೀ ಕೀ (ಹಬ್ ಮತ್ತು ಶಾಫ್ಟ್ ಒಟ್ಟಿಗೆ ತಿರುಗುವಂತೆ ಎರಡರ ನಡುವೆ ಕೂರುವ ಉಕ್ಕಿನ ಪಟ್ಟಿ). ಗೇರ್‌ಬಾಕ್ಸ್ ಫ್ಲೇಂಜಿನಿಂದ ಸ್ಟರ್ನ್ ಗ್ಲ್ಯಾಂಡಿನವರೆಗೆ (ಶಾಫ್ಟಿನ ಸುತ್ತ ನೀರು ತಡೆಯುವ ಪ್ಯಾಕಿಂಗ್ ಇರುವ ಕಡೆ) 420 ಮಿಮೀ ಜಾಗ. ಈ ಕೊನೆಯ ಅಳತೆಯನ್ನು ನೆನಪಿನಲ್ಲಿಡಿ, ಪರಿಹಾರ ಸಿಕ್ಕಿದ್ದು ಅಲ್ಲೇ.

ಮೂರು ರಿಪೇರಿ

ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧ ಮುಗಿದು ಬೋಟ್ ನೀರಿಗಿಳಿದ ಮೂರನೇ ವಾರದಲ್ಲಿ ಮೊದಲ ತೊಂದರೆ. ಮುಂದಿನ ಗೇರಿನಿಂದ ಹಿಂದಿನ ಗೇರಿಗೆ ಹಾಕುವಾಗ ‘ಟಕ್’ ಎಂಬ ಸದ್ದು. ತೆಗೆದು ನೋಡಿದರೆ ಕೀಯ ಎರಡೂ ಬದಿ ಮೆಟ್ಟಿಲಿನಂತೆ ಸವೆದಿತ್ತು. ಹೊಸ ಮೈಲ್ಡ್ ಸ್ಟೀಲ್ ಕೀ ಮಾಡಿ, ಬದಿಗಳಿಗೆ ಸೆಂಟರ್ ಪಂಚ್ ಹೊಡೆದು ಮೈ ಉಬ್ಬಿಸಿ, ಬಿಗಿಯಾಗಿ ಕೂರಿಸಿದರು. ಐದು ವಾರ ಬಾಳಿತು.

ಎರಡನೇ ಸಲ ‘ಕೀ ಮೆತ್ತಗಾಯಿತು’ ಎಂಬ ತೀರ್ಮಾನ. ಗಟ್ಟಿ ಉಕ್ಕಿನ ಕೀ ಹಾಕಿದರು. ಈ ಸಲ ಕೀಗೆ ಏನೂ ಆಗಲಿಲ್ಲ. ಸವೆದದ್ದು ಹಬ್ಬಿನ ಕೀವೇ, ಅಂದರೆ ಕೀ ಕೂರುವ ಕಚ್ಚು: 14 ಮಿಮೀ ಇದ್ದದ್ದು 14.9 ಆಯಿತು. ಶಾಫ್ಟಿನ ಕೀವೇಯ ಅಂಚೂ ಹೊರಳಿತು.

ಮೂರನೇ ಸಲ ಅಗಲವಾದ ಕೀವೇಗೆ ಸರಿಯಾಗಿ ಮೆಟ್ಟಿಲು ಕೀ ಕಡೆದು, ಮೇಲಿಂದ ಎರಡು ಎಂ10 ಗ್ರಬ್ ಸ್ಕ್ರೂ (10 ಮಿಮೀ ದಪ್ಪದ, ತಲೆಯಿಲ್ಲದ ಸ್ಕ್ರೂ) ಬಿಗಿದರು. ರಿವರ್ಸಿನಲ್ಲಿ ಶಾಫ್ಟನ್ನು ಹಿಂದಕ್ಕೆ ಎಳೆಯುವ ಬಲವನ್ನೆಲ್ಲ ಹಿಡಿದಿದ್ದವು ಆ ಎರಡು ಸ್ಕ್ರೂಗಳೇ. ಹಬ್ ಶಾಫ್ಟಿನ ಮೇಲೆ ಅಲುಗಾಡುತ್ತಿರುವಾಗ ಸ್ಕ್ರೂವಿನ ಮೊನೆ ತಾನು ಕೂತ ಗುಳಿಯನ್ನು ತಾನೇ ಅರೆದು ಅಗಲಿಸುತ್ತದೆ. ಅವು ಸಡಿಲಿದ ದಿನ ಕೀ ಉದುರಿತು, ಶಾಫ್ಟ್ ಜಾರಿತು.

ಕೈಗೆ ತೋಚಿದ್ದು, ಅಳತೆ ತೋರಿಸಿದ್ದು

ಬೋಟನ್ನು ದಡದ ಸ್ಲಿಪ್ (ರಿಪೇರಿಯ ಇಳಿಜಾರು) ಮೇಲೆ ಎಳೆದ ಮೇಲೆ ಹಬ್ಬಿನ ಬಾಯಲ್ಲಿ ಕೋಕೋ ಪುಡಿಯಂಥ ನುಣುಪಾದ ಕೆಂಗಂದು ಹುಡಿ ಕಂಡಿತು. ‘ಉಪ್ಪುನೀರಿನ ತುಕ್ಕು’ ಎಂದು ಹಿಂದಿನ ರಿಪೇರಿಗಳಲ್ಲಿ ಅದನ್ನು ಒರೆಸಿ ಬಿಸಾಡಿದ್ದರು. ಉಪ್ಪುನೀರಿನ ತುಕ್ಕಾದರೆ ಹಬ್ಬಿನ ಹೊರಮೈಗೂ ಬೋಲ್ಟಿನ ತಲೆಗೂ ಪದರ ಪದರವಾಗಿ ಹಿಡಿಯುತ್ತದೆ. ಈ ಹುಡಿ ಇದ್ದದ್ದು ಎರಡೇ ಕಡೆ, ಹಬ್ಬಿನ ಬಾಯಲ್ಲಿ ಮತ್ತು ಕೀವೇಯೊಳಗೆ. ಒಂದಕ್ಕೊಂದು ಒತ್ತಿಕೊಂಡ ಎರಡು ಉಕ್ಕಿನ ಮೈಗಳು ಕೂದಲೆಳೆಯಷ್ಟು ಹಿಂದೆಮುಂದೆ ಉಜ್ಜಿಕೊಂಡಾಗ ಬರುವ ಹುಡಿ ಇದು. ಇದು ಕಂಡಿತೆಂದರೆ ಹಬ್ ಶಾಫ್ಟಿನ ಮೇಲೆ ಆಡುತ್ತಿದೆ ಎಂದೇ ಅರ್ಥ. ಬೇರೆ ಯಾವ ಪರೀಕ್ಷೆಯೂ ಬೇಡ. ಆಗಸ್ಟಿನಲ್ಲೇ ಆ ಹುಡಿಯನ್ನು ಸರಿಯಾಗಿ ಓದಿದ್ದರೆ ಡಿಸೆಂಬರಿನವರೆಗೆ ಬರುವ ಅಗತ್ಯ ಇರಲಿಲ್ಲ.

ಮೈಕ್ರೋಮೀಟರ್ ಹಿಡಿದಾಗ ಶಾಫ್ಟ್ 49.96 ಮಿಮೀ, ಸವೆಯದ ಜಾಗದಲ್ಲಿ ಹಬ್ಬಿನ ಬೋರ್ 50.09. ನಡುವಿನ ಸಡಿಲ 0.13 ಮಿಮೀ. 50 ಮಿಮೀ ಬೋರಿಗೆ ಎಚ್7 ಎಂಬ ಪ್ರಮಾಣಿತ ಅಳತೆಯಲ್ಲಿ ಹೆಚ್ಚೆಂದರೆ 0.025 ಮಿಮೀ ಏರಬಹುದು. ಸಾಮಾನ್ಯ ಕಪ್ಲಿಂಗ್ ಕೂರಿಸಲು ಶಾಫ್ಟ್ ಅದಕ್ಕಿಂತ ಕಿರಿದಾಗಿರದೆ ಎಂ6 ಎಂಬ ಪ್ರಮಾಣಿತ ಅಳತೆಯಲ್ಲಿ (ಇದು ಸ್ಕ್ರೂವಿನ ಎಂ ಅಲ್ಲ) 0.009ರಿಂದ 0.025 ಮಿಮೀ ದಪ್ಪ ಇರಬೇಕು.

ಬೋರನ್ನು ಇಷ್ಟು ಸಡಿಲ ಮಾಡಿದವರನ್ನು ದೂರುವ ಮೊದಲು ಬೋಟಿನ ತಳದ ಬಿಲ್ಜಿನೊಳಗೆ ಒಮ್ಮೆ ಇಳಿದು ನೋಡಬೇಕು. ಶಾಫ್ಟ್ ಒಳಗೆ ಬರುವುದು ಹಿಂದಿನಿಂದ, ಸ್ಟರ್ನ್ ಟ್ಯೂಬಿನ ಮೂಲಕ. ಹಬ್ ಆ ತೂತಿನಲ್ಲಿ ಹಾಯುವುದಿಲ್ಲ, ಹಾಗಾಗಿ ಶಾಫ್ಟ್ ಬಂದ ಮೇಲೆಯೇ ಅದನ್ನು ಏರಿಸಬೇಕು. ಮೊಣಕಾಲೂರಲು ಜಾಗವಿಲ್ಲ, ಸುತ್ತಿಗೆ ಬೀಸಲು ಆಗದು, ಹಬ್ ಕಾಯಿಸಲು ಗ್ಯಾಸ್ ಹಚ್ಚಿದರೆ ಪಕ್ಕದಲ್ಲೇ ಡೀಸೆಲ್ ಪೈಪು. ಕೈಯಿಂದ ತಳ್ಳಿದರೆ ಜಾರಿ ಕೂರುವ ಹಬ್ ಆ ಜಾಗದಲ್ಲಿ ವರದಾನದಂತೆ ಕಾಣುತ್ತದೆ. ಬೋರ್ ಮಾಡಿದವರ ವಿವೇಕ ಜೋಡಣೆಯ ಕಷ್ಟಕ್ಕೆ ಉತ್ತರ ಕೊಟ್ಟಿತ್ತು, ತಿರುಚುವ ಬಲಕ್ಕೆ ಕೊಟ್ಟಿರಲಿಲ್ಲ.

ಇನ್ನೊಂದು ಕಾರಣವೂ ಇದೆ. ಈ ಜಿಲ್ಲೆಯ ಲೇತ್ ಅಂಗಡಿಗಳಿಗೆ ಬೋಟಿನ ಕೆಲಸದಷ್ಟೇ ತೋಟದ ಯಂತ್ರಗಳ ಕೆಲಸವೂ ಬರುತ್ತದೆ. ಶಿರಸಿ ಕಡೆಯ ಅಡಿಕೆ ಸುಲಿಯುವ ಯಂತ್ರಕ್ಕೆ 2 ಅಶ್ವಶಕ್ತಿಯ, 1440 ಸುತ್ತಿನ ಮೋಟರ್ ಇದೆ ಎನ್ನಿ. ಅದರ ಶಾಫ್ಟ್ 24 ಮಿಮೀ, ಕೀ 8×7. ಪುಲ್ಲಿಯನ್ನು ಜಾರುವ ಅಳತೆಯಲ್ಲೇ ಬೋರ್ ಮಾಡಿ ಒಂದು ಗ್ರಬ್ ಸ್ಕ್ರೂ ಬಿಗಿದರೂ ವರ್ಷಗಟ್ಟಲೆ ಓಡುತ್ತದೆ. ಯಾಕೆಂದರೆ ಆ ಮೋಟರಿನ ಟಾರ್ಕ್ (ತಿರುಚುವ ಬಲ) ಬರೀ 10 ನ್ಯೂಟನ್ ಮೀಟರ್. 40 ಮಿಮೀ ಉದ್ದದ ಕೀಯ ಬದಿಗೆ ಬೀಳುವ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 7 ನ್ಯೂಟನ್. ಕೈಗೆ ರೂಢಿಯಾದ ‘ಇಷ್ಟು ಬಿಗಿ ಸಾಕು’ ಎಂಬ ಅಂದಾಜು ಹುಟ್ಟಿದ್ದು ಇಂಥ ಕೆಲಸಗಳಲ್ಲಿ. ಅಲ್ಲಿ ಅದು ಸರಿ. ಅದೇ ಅಂದಾಜು ಬೋಟಿಗೆ ಬಂದಾಗ ಏನಾಗುತ್ತದೆಂದು ಲೆಕ್ಕ ಹಾಕೋಣ.

ಲೆಕ್ಕ

120 ಅಶ್ವಶಕ್ತಿ ಎಂದರೆ ಸುಮಾರು 88 ಕಿಲೋವಾಟ್. ಕಿಲೋವಾಟನ್ನು 9550ರಿಂದ ಗುಣಿಸಿ ಸುತ್ತುಗಳಿಂದ ಭಾಗಿಸಿದರೆ ಟಾರ್ಕ್ ಸಿಗುತ್ತದೆ: 600 ಸುತ್ತಿಗೆ 1400 ನ್ಯೂಟನ್ ಮೀಟರ್. ಶಾಫ್ಟಿನ ಅರೆವ್ಯಾಸ 25 ಮಿಮೀ. ಹಾಗಾಗಿ ಕೀ ಮೇಲಿನ ಬಲ 56,000 ನ್ಯೂಟನ್, ಹೆಚ್ಚುಕಡಿಮೆ 5.7 ಟನ್.

ಕೀ ಕತ್ತರಿಸಿ ಹೋಗುತ್ತದೆಯೇ? 14×75 ಮಿಮೀ ಅಡ್ಡಕೊಯ್ತಕ್ಕೆ ಹಂಚಿದರೆ ಚದರ ಮಿಲಿಮೀಟರಿಗೆ 53 ನ್ಯೂಟನ್. ಮೈಲ್ಡ್ ಸ್ಟೀಲಿಗೆ ಇದು ಹೊರೆಯಲ್ಲ. ಬಹಳ ಮಂದಿ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿ ‘ಕೀ ಸಾಕು’ ಎನ್ನುತ್ತಾರೆ.

ಕೀಯ ಬದಿ ಜಜ್ಜಿಹೋಗುತ್ತದೆಯೇ? 9 ಮಿಮೀ ಎತ್ತರದ ಕೀಯಲ್ಲಿ 5.5 ಮಿಮೀ ಶಾಫ್ಟಿನೊಳಗೆ ಹೋಗುತ್ತದೆ, ಹಬ್ಬಿಗೆ ಸಿಗುವುದು 3.5 ಮಿಮೀ. 3.5×75 ಅಂದರೆ 262 ಚದರ ಮಿಮೀ. ಒತ್ತಡ 213. ಅಡಿಕೆ ಯಂತ್ರದ 7ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಮೈಲ್ಡ್ ಸ್ಟೀಲ್ ಶಾಶ್ವತವಾಗಿ ಬಾಗತೊಡಗುವುದು ಸುಮಾರು 250ರಲ್ಲಿ. ಮೇಲಾಗಿ 1400 ಎಂಬುದು ಸರಾಸರಿ ಟಾರ್ಕ್. ಡೀಸೆಲ್ ಎಂಜಿನ್ನಿನ ಬಡಿತದಲ್ಲಿ, ಬಲೆ ತಳಕ್ಕೆ ಸಿಕ್ಕಿದಾಗ, ಗೇರ್ ಬದಲಿಸುವಾಗ ಅದು ಒಂದೂವರೆ ಪಟ್ಟು ಏರಿದರೆ ಒತ್ತಡ 320.

ಎರಡನೇ ರಿಪೇರಿ ಸೋತ ಕಾರಣ ಇಲ್ಲಿದೆ. ಗಟ್ಟಿ ಕೀ ಹಾಕಿದಾಗ ಕೀಗೆ ಶಕ್ತಿ ಬಂತು, ಹಬ್ಬಿನ ಆ 262 ಚದರ ಮಿಮೀ ಹಾಗೇ ಉಳಿಯಿತು. ಮೊದಲು ಸವೆಯುತ್ತಿದ್ದದ್ದು ಅಗ್ಗದ ಕೀ, ಆಮೇಲೆ ಹಬ್ ಮತ್ತು ಶಾಫ್ಟ್.

ಸಡಿಲ ಇದಕ್ಕೆ ಹೇಗೆ ಕೂಡಿಕೊಳ್ಳುತ್ತದೆ? ಪೂರ್ತಿ ಓಟದಲ್ಲಿ ಟಾರ್ಕ್ ಒಂದೇ ದಿಕ್ಕಿಗೆ ಒತ್ತಿರುತ್ತದೆ, ಕೀ ಒಂದು ಬದಿಗೆ ಒರಗಿ ಕೂರುತ್ತದೆ. ಅಪಾಯ ಇರುವುದು ಐಡಲಿನಲ್ಲಿ. 650 ಸುತ್ತಿನ 6 ಸಿಲಿಂಡರ್ ಎಂಜಿನ್ನಿನಲ್ಲಿ ನಿಮಿಷಕ್ಕೆ 1950 ಬಡಿತ, ಗಂಟೆಗೆ 1,17,000. ಆಗ ಸರಾಸರಿ ಟಾರ್ಕ್ ತೀರ ಕಡಿಮೆ ಇರುವುದರಿಂದ ಪ್ರತಿ ಬಡಿತದ ಹಿಂದೆ ಅದು ಸೊನ್ನೆ ಮುಟ್ಟಿ ತಿರುಗುಮುರುಗಾಗಬಲ್ಲದು. ಸಡಿಲ ಇದ್ದರೆ ಕೀ ಪ್ರತಿ ಸಲ ಆ ಬದಿಯಿಂದ ಈ ಬದಿಗೆ ಹೋಗಿ ಬಡಿಯುತ್ತದೆ, ಸಡಿಲ ಇನ್ನಷ್ಟು ಹೆಚ್ಚುತ್ತದೆ. ಬಲೆ ಬಿಡುವಾಗ, ಎಳೆಯುವಾಗ, ಜೆಟ್ಟಿಯಲ್ಲಿ ಸರದಿಗೆ ಕಾಯುವಾಗ ಗೇರಿನಲ್ಲೇ ನಿಧಾನ ಓಡುವ ಟ್ರಾಲ್ ಬೋಟಿಗೆ ಇದೇ ದಿನಚರಿ.

ಆದ್ದರಿಂದ ಟಾರ್ಕನ್ನು ಹೊರಬೇಕಾದದ್ದು ಹಬ್ ಮತ್ತು ಶಾಫ್ಟಿನ ನಡುವಿನ ಹಿಡಿತ. ಕೀ ಇರಲಿ, ಆದರೆ ಹಿಡಿತ ಎಂದಾದರೂ ತಪ್ಪಿದ ದಿನಕ್ಕೆ.

ಯಾವ ಹಿಡಿತ?

ಕಾಯಿಸಿ ಕೂರಿಸುವ ಬಿಗಿ ಹಬ್ ಹಿಡಿತದಲ್ಲಿ ಉತ್ತಮ, ಬಿಲ್ಜಿನಲ್ಲಿ ತೆಗೆಯುವುದು ಅಸಾಧ್ಯಕ್ಕೆ ಹತ್ತಿರ. ಗ್ಲ್ಯಾಂಡ್ ಬದಲಿಸಲೂ ಶಾಫ್ಟ್ ಕೊಯ್ಯಬೇಕಾದೀತು. ವೆಲ್ಡ್ ಮಾಡುವ ಸಲಹೆಯೂ ಬಂದಿತ್ತು. ತಿರುಗುವ ಶಾಫ್ಟಿಗೆ ಸುತ್ತ ವೆಲ್ಡ್ ಹೊಡೆದರೆ ಅದರ ಅಂಚಿನಿಂದಲೇ ಬಿರುಕು ಹುಟ್ಟುತ್ತದೆ. ಅದು ಬೇಡವೇ ಬೇಡ. ಕೀ ಇಲ್ಲದ ಕೋನ್ ಬುಷ್ ಒಳ್ಳೆಯ ಸಾಧನ, ಆದರೆ ಅದರ ಸಣ್ಣ ಸ್ಕ್ರೂಗಳು ಬಿಲ್ಜಿನ ಉಪ್ಪುನೀರಿನಲ್ಲಿ ಹೆಚ್ಚು ದಿನ ಬಾಳುವುದಿಲ್ಲ.

ಎರಡು ಹೋಳಾಗಿ ಸೀಳಿದ ಹಬ್ಬನ್ನು ಬೋಲ್ಟಿನಿಂದ ಬಿಗಿಯುವ ಕ್ಲ್ಯಾಂಪ್ ಕಪ್ಲಿಂಗ್ ನಿಜಕ್ಕೂ ಪರಿಗಣಿಸಬೇಕಾದ ಆಯ್ಕೆ. 8.8 ದರ್ಜೆಯ 6 ಎಂ12 ಬೋಲ್ಟ್, ಒಂದೊಂದಕ್ಕೆ 38,000 ನ್ಯೂಟನ್ ಬಿಗಿತ. ಹಬ್ ಎರಡು ಗೆರೆಯಲ್ಲಷ್ಟೇ ಶಾಫ್ಟನ್ನು ಮುಟ್ಟುತ್ತದೆ ಎಂಬ ಕೆಟ್ಟ ಲೆಕ್ಕದಲ್ಲೂ, ಘರ್ಷಣೆ ಗುಣಕ 0.15 ಹಿಡಿದರೆ 1700 ನ್ಯೂಟನ್ ಮೀಟರ್ ಹೊರುತ್ತದೆ. ಶಾಫ್ಟಿನ ತುದಿ ಕೆಡದೆ ಇದ್ದಿದ್ದರೆ ಇದೇ ಅಗ್ಗದ ದಾರಿ. ಇಲ್ಲಿ ಕೀವೇ ಹೊರಳಿ ಶಾಫ್ಟಿನ ಮೈ ಗುಂಡಗೆ ಉಳಿದಿರಲಿಲ್ಲ, ಹೇಗೂ ತುದಿ ಕತ್ತರಿಸಲೇಬೇಕಿತ್ತು.

ಕತ್ತರಿಸುವುದೇ ಆದರೆ ಟೇಪರ್, ಅಂದರೆ ತುದಿಯ ಕಡೆಗೆ ಕಿರಿದಾಗುತ್ತ ಹೋಗುವ ಆಕಾರ, ಮೇಲು. ಇದೇ ಶಾಫ್ಟಿನ ಇನ್ನೊಂದು ತುದಿಯಲ್ಲಿ ಫ್ಯಾನ್ ಕೂತಿರುವುದು ಟೇಪರ್ ಮೇಲೆ, ನಟ್ಟಿನ ಬಿಗಿತದಲ್ಲಿ. ಅಲ್ಲಿ ಇಷ್ಟು ವರ್ಷ ಏನೂ ಆಗಿಲ್ಲ. ಟಾರ್ಕ್ ಎರಡೂ ತುದಿಗೆ ಒಂದೇ. ಕಣ್ಣೆದುರೇ ಇದ್ದ ಈ ಸಾಕ್ಷಿಯನ್ನು ಮೂರೂ ರಿಪೇರಿಯಲ್ಲಿ ಯಾರೂ ಗಮನಿಸಲಿಲ್ಲ.

ಉಳಿದದ್ದು ಒಂದೇ ತೊಡಕು: ಟೇಪರಿಗೆ ನಟ್ ಬೇಕು, ನಟ್ಟಿಗೆ ಜಾಗ ಬೇಕು, ಅದರ ಮೇಲೆ ಶಾಫ್ಟ್ 80 ಮಿಮೀ ಗಿಡ್ಡವಾಗುತ್ತದೆ. 420 ಮಿಮೀ ಜಾಗ ನೆರವಿಗೆ ಬಂದದ್ದು ಇಲ್ಲಿ. ಗೇರ್‌ಬಾಕ್ಸ್ ಫ್ಲೇಂಜ್ ಮತ್ತು ಹಬ್ಬಿನ ನಡುವೆ 120 ಮಿಮೀ ಉದ್ದದ ಟೊಳ್ಳು ಸ್ಪೇಸರ್ ಹಾಕಿದರೆ ಗಿಡ್ಡವಾದ ಉದ್ದ ಸರಿಹೋಗುತ್ತದೆ, ನಟ್ ಅದರ ಹೊಟ್ಟೆಯೊಳಗೆ ಕೂರುತ್ತದೆ. ಮುಂದೆ ಸ್ಪೇಸರ್ ತೆಗೆದರೆ ಆ ಜಾಗದಲ್ಲೇ ಪುಲ್ಲರ್ ಹಾಕಿ ಹಬ್ ಕೀಳಬಹುದು, ಎಂಜಿನ್ ಅಲುಗಿಸಬೇಕಿಲ್ಲ. ಸ್ಪೇಸರಿಗೆ 120, ಹಬ್ಬಿಗೆ 100 ಕಳೆದರೂ ಗ್ಲ್ಯಾಂಡ್ ಪ್ಯಾಕಿಂಗ್ ಬದಲಿಸಲು 200 ಮಿಮೀ ಉಳಿಯುತ್ತದೆ.

ಲೇತಿನ ಕೆಲಸ

ಹಬ್ ಇಎನ್8 ಉಕ್ಕಿನ ಗುಂಡುಕಂಬಿಯಿಂದ, ಹೊರವ್ಯಾಸ 95 ಮಿಮೀ, ಉದ್ದ 100. ಬೀಡು ಕಬ್ಬಿಣ ಬೇಡ. ಟೇಪರ್ ಹಬ್ಬನ್ನು ಒಳಗಿನಿಂದ ಹಿಗ್ಗಿಸುತ್ತದೆ, ಬೀಡಿಗೆ ಹಿಗ್ಗಿಸುವ ಬಲ ಆಗಿಬರುವುದಿಲ್ಲ.

ಟೇಪರ್ 12ಕ್ಕೆ 1: ದೊಡ್ಡ ತುದಿ 50 ಮಿಮೀ, 100 ಮಿಮೀ ಹೋದ ಮೇಲೆ ಸಣ್ಣ ತುದಿ 41.67. ಲೇತಿನಲ್ಲಿ ಉಳಿ ಹಿಡಿಯುವ ಕಾಂಪೌಂಡ್ ಸ್ಲೈಡನ್ನು 2 ಡಿಗ್ರಿ 23 ಮಿನಿಟಿಗೆ ತಿರುಗಿಸಬೇಕು. ಸ್ಲೈಡಿನ ಮೇಲಿನ ಗೆರೆ ನೋಡಿ ಅಷ್ಟು ಸೂಕ್ಷ್ಮವಾಗಿ ಇಡಲಾಗದು. ಅದಕ್ಕೆ ಡಯಲ್ ಗೇಜ್ ಕಟ್ಟಿ, ಉದ್ದಕ್ಕೆ 60 ಮಿಮೀ ಸರಿದಾಗ ಅಡ್ಡಕ್ಕೆ ಸರಿಯಾಗಿ 2.5 ಮಿಮೀ ಬರುವಂತೆ ಹೊಂದಿಸಬೇಕು. ಸ್ಲೈಡನ್ನು ಕದಲಿಸದೆ ಹಬ್ಬಿನ ಬೋರನ್ನೂ ಶಾಫ್ಟನ್ನೂ ಅದೇ ಕೋನದಲ್ಲಿ ಮುಗಿಸಿದರೆ ಅರ್ಧ ಕೆಲಸ ಗೆದ್ದಂತೆ. ಶಾಫ್ಟ್ ಉದ್ದ ಇರುವುದರಿಂದ ಎರಡು ಕಡೆ ಸ್ಟೆಡಿ (ಆಸರೆ) ಬೇಕು.

ಮೊದಲು ಹಬ್ ಮುಗಿಸಿ, ಶಾಫ್ಟನ್ನು ಅದಕ್ಕೆ ಹೊಂದಿಸುವುದು ಸುಲಭ. ಶಾಫ್ಟಿಗೆ ತೆಳ್ಳಗೆ ನೀಲಿ ಬಳಿದು ಹಬ್ ಏರಿಸಿ ಕಾಲು ಸುತ್ತು ತಿರುಗಿಸಿ ತೆಗೆದಾಗ ಬೋರಿನ ಮುಕ್ಕಾಲು ಭಾಗಕ್ಕಾದರೂ ನೀಲಿ ಹತ್ತಿರಬೇಕು, ಮುಖ್ಯವಾಗಿ ದೊಡ್ಡ ತುದಿಯಲ್ಲಿ. ಸಣ್ಣ ತುದಿಯಲ್ಲಿ ಮಾತ್ರ ಹತ್ತಿದರೆ ಹಬ್ ಹಿಂದಿನ ಬಾಯಲ್ಲಿ ಅಲುಗಾಡುತ್ತದೆ, ಅದೇ ಕೆಂಪು ಹುಡಿ ಮತ್ತೆ ಶುರು. ವಾಲ್ವ್ ಅರೆಯುವ ಪೇಸ್ಟ್ ಹಾಕಿ ಉಜ್ಜಿ ತಾಳೆ ಮಾಡುವ ರೂಢಿ ಇದೆ. ಸ್ವಲ್ಪವಾದರೆ ಸರಿ, ಅತಿಯಾದರೆ ಶಾಫ್ಟಿನಲ್ಲಿ ಮೆಟ್ಟಿಲು ಬೀಳುತ್ತದೆ.

ಕೀಯನ್ನು 14×9ರಿಂದ 12×8ಕ್ಕೆ ಇಳಿಸಲಾಯಿತು. ಟಾರ್ಕ್ ಹೊರುವ ಕೆಲಸ ಅದರದಲ್ಲ ಎಂದ ಮೇಲೆ ಶಾಫ್ಟನ್ನು ಹೆಚ್ಚು ಕಡಿಯುವುದೇಕೆ? ಕೀವೇ ದೊಡ್ಡ ತುದಿಗಿಂತ 15 ಮಿಮೀ ಮೊದಲೇ ನಿಲ್ಲಬೇಕು, ಮೂಲೆಗಳು ಚೂಪಾಗದೆ ದುಂಡಗಿರಬೇಕು.

ಈ ಜೋಡಣೆಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಕೀಯ ತಲೆಯಲ್ಲಿ. ಕೀಯ ಮೇಲ್ಮೈ ಹಬ್ಬಿಗೆ ತಾಗಿದರೆ ಹಬ್ ಟೇಪರ್ ಮೇಲೆ ಕೂರದೆ ಕೀ ಮೇಲೆ ಕೂರುತ್ತದೆ. ನಟ್ ಬಿಗಿಯಾಗುತ್ತದೆ, ಎಲ್ಲ ಸರಿ ಇದ್ದಂತೆ ಕಾಣುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಪರೀಕ್ಷೆ ಸರಳ. ಕೀ ಇಲ್ಲದೆ ಹಬ್ ಏರಿಸಿ ಹಿಂದಿನ ಅಂಚಿನಲ್ಲಿ ಶಾಫ್ಟಿಗೆ ಸಣ್ಣ ಗೆರೆ ಎಳೆಯಿರಿ. ಕೀ ಹಾಕಿ ಮತ್ತೆ ಏರಿಸಿ. ಅಂಚು ಅದೇ ಗೆರೆಗೆ ಬರಬೇಕು. ಬರದಿದ್ದರೆ ಕೀಯ ತಲೆ ಉಜ್ಜಿ. ಮೇಲೆ 0.2ರಿಂದ 0.3 ಮಿಮೀ ಬಿಡುವು ಇರಲಿ, ಬದಿಗಳು ಮಾತ್ರ ಬಿಗಿಯಾಗಿರಲಿ. ಇಲ್ಲಿ ಮೊದಲ ಸಲ 0.6 ಮಿಮೀ ಹಿಂದೆಯೇ ನಿಂತಿತ್ತು, ಕೀ ಎರಡು ಸಲ ಉಜ್ಜಬೇಕಾಯಿತು.

ಸ್ಪೇಸರಿನ ಎರಡು ಮುಖ ಒಂದಕ್ಕೊಂದು 0.03 ಮಿಮೀ ಒಳಗೆ ಸಮಾನಾಂತರ, ಎರಡೂ ಕಡೆ 3 ಮಿಮೀ ಆಳದ ಸ್ಪಿಗಾಟ್ (ಒಂದರೊಳಗೊಂದು ಕೂರುವ ಅಂಚು). ಅದರ ಗೋಡೆಯಲ್ಲಿ ಎದುರುಬದುರಾಗಿ 25 ಮಿಮೀ ಅಗಲದ ಎರಡು ಕಿಂಡಿ ಕೊರೆಯಲಾಯಿತು, ಒಳಗಿರುವ ನಟ್ಟು ಟಾರ್ಚ್ ಬೆಳಕಿನಲ್ಲಿ ಹೊರಗಿನಿಂದಲೇ ಕಾಣಲಿ ಎಂದು.

ನಟ್ ಎಷ್ಟು ಬಿಗಿಯಬೇಕು

ಎಂ36×3 ನಟ್ (36 ಮಿಮೀ ಥ್ರೆಡ್, ಒಂದು ಸುತ್ತಿಗೆ 3 ಮಿಮೀ ಸರಿಯುತ್ತದೆ). ಹಿಡಿತ 1400ರ ಒಂದೂವರೆ ಪಟ್ಟಾದರೂ, ಅಂದರೆ 2100 ನ್ಯೂಟನ್ ಮೀಟರ್ ಇರಬೇಕೆಂದು ಹಿಡಿದರೆ, ನಟ್ ಹಬ್ಬನ್ನು ಸುಮಾರು 1,20,000 ನ್ಯೂಟನ್ ಬಲದಿಂದ, ಅಂದರೆ 12 ಟನ್, ಟೇಪರ್ ಮೇಲೆ ಒತ್ತಬೇಕು. ಸ್ಟೇನ್‌ಲೆಸ್ ಥ್ರೆಡ್ ಒಣಗಿದ್ದರೆ ಬಿಗಿಯುವಾಗಲೇ ಕಚ್ಚಿ ಸಿಕ್ಕಿಹಾಕಿಕೊಳ್ಳುತ್ತದೆ, ಆದ್ದರಿಂದ ಆಂಟಿ-ಸೀಜ್ ಪೇಸ್ಟ್ ಕಡ್ಡಾಯ. ಪೇಸ್ಟ್ ಹಚ್ಚಿದ ಮೇಲೆ ನಟ್ಟಿಗೆ ಬೇಕಾದ ಟಾರ್ಕ್ 650 ನ್ಯೂಟನ್ ಮೀಟರ್. ಟೇಪರ್ ಮೈ ಮಾತ್ರ ಒರೆಸಿ ಒಣಗಿಸಿರಬೇಕು.

ಅಷ್ಟು ದೊಡ್ಡ ಟಾರ್ಕ್ ರೆಂಚ್ ಬಂದರಿನಲ್ಲಿ ಇರಲಿಲ್ಲ. ಇದ್ದದ್ದು ಮೀನು ತೂಗುವ 50 ಕೆಜಿಯ ತೂಗುತಕ್ಕಡಿ. 55 ಮಿಮೀ ರಿಂಗ್ ಸ್ಪ್ಯಾನರಿಗೆ ಪೈಪು ತೂರಿಸಿ, ನಟ್ಟಿನ ನಡುವಿನಿಂದ 1.5 ಮೀಟರ್ ದೂರದಲ್ಲಿ ತಕ್ಕಡಿ ಕೊಂಡಿ ಹಾಕಿ, ಪೈಪಿಗೆ ಲಂಬವಾಗಿ ಮೇಲಕ್ಕೆ ಎಳೆದು 44 ಕೆಜಿ ತೋರಿಸಿದಾಗ 650 ಆಯಿತು. ಶಾಫ್ಟ್ ತಿರುಗದಂತೆ ಹಬ್ಬಿನ ಎರಡು ಬೋಲ್ಟುಗಳ ನಡುವೆ ಹಾರೆ ಅಡ್ಡ ಕೊಡಲಾಗಿತ್ತು.

‘ಇನ್ನೂ ಎಳೀಬಹುದಲ್ಲ ಮೇಸ್ತ್ರಿ, ನಟ್ಟು ತಿರುಗಿದ್ದೇ ಕಡಿಮೆ’ ಎಂದರು ಪೈಪು ಹಿಡಿದಿದ್ದ ತಾಂಡೇಲರು.

‘ಬೇಡಿ ತಾಂಡೇಲ್ರೆ, ಹಬ್ ಎಷ್ಟು ಸರಿದಿದೆ ನೋಡ್ವಾ.’

ನೋಡಬೇಕಾದದ್ದು ಅದನ್ನೇ. ಥ್ರೆಡ್ಡಿನ ಘರ್ಷಣೆ ಎಷ್ಟಿತ್ತೆಂದು ಯಾರಿಗೂ ನಿಖರವಾಗಿ ತಿಳಿಯದು, ಹಾಗಾಗಿ ನಟ್ಟಿನ ಟಾರ್ಕ್ ಒಂದು ಅಂದಾಜು ಮಾತ್ರ. ಹಬ್ ಎಷ್ಟು ಮುಂದೆ ಏರಿತು ಎಂಬುದು ಅದು ಎಷ್ಟು ಹಿಗ್ಗಿದೆ ಎಂಬುದರ ನೇರ ಅಳತೆ. ಈ ಗಾತ್ರದ ಹಬ್ಬಿಗೆ ಬೇಕಾದ ಹಿಡಿತಕ್ಕೆ ವ್ಯಾಸದಲ್ಲಿ 0.025 ಮಿಮೀ ಹಿಗ್ಗಬೇಕು. 12ಕ್ಕೆ 1ರ ಟೇಪರಿನಲ್ಲಿ ಅದು ಉದ್ದಕ್ಕೆ 0.3 ಮಿಮೀ. ನಟ್ಟನ್ನು ಮೊದಲು 60 ನ್ಯೂಟನ್ ಮೀಟರಿಗೆ, ಅಂದರೆ 1.5 ಮೀಟರಿನಲ್ಲಿ 4 ಕೆಜಿಗೆ ಬಿಗಿದು ಹಬ್ಬಿಗೆ ತಾಗಿಸಿದ ಡಯಲ್ ಗೇಜನ್ನು ಸೊನ್ನೆಗೆ ಇಡಲಾಗಿತ್ತು. 44 ಕೆಜಿಗೆ ಡಯಲ್ 0.34 ಮಿಮೀ ತೋರಿಸಿತು. ಎಂ36×3ರಲ್ಲಿ 0.3 ಮಿಮೀ ಎಂದರೆ ಹತ್ತನೇ ಒಂದು ಸುತ್ತು. ನಟ್ಟು ತಿರುಗಿದ್ದು ಕಡಿಮೆ ಎಂದು ಕಾಣುವುದು ಸಹಜವೇ.

ಲಾಕ್ ವಾಷರಿನ ಕಿವಿ ಮಡಚಿ, ನಟ್ಟಿನಿಂದ ಹಬ್ಬಿಗೆ ಬಿಳಿ ಬಣ್ಣದ ಗೆರೆ ಎಳೆದ ಮೇಲೆ ಸ್ಪೇಸರ್ ಒಳಗೆ ಹೋಯಿತು. ಎರಡೂ ಕಡೆ 6 ಎಂ16 ಬೋಲ್ಟ್, ತಲಾ 200 ನ್ಯೂಟನ್ ಮೀಟರ್. ಗ್ಲ್ಯಾಂಡಿನ ಮುಂದೆ ಶಾಫ್ಟಿಗೆ ಎರಡು ಹೋಳಿನ 25 ಮಿಮೀ ಅಗಲದ ಕಾಲರ್ ಬಿಗಿಯಲಾಯಿತು. ಮುಂದೆಂದಾದರೂ ಜೋಡಣೆ ಬಿಟ್ಟರೂ ಶಾಫ್ಟ್ ಗ್ಲ್ಯಾಂಡಿಗೆ ತಾಗಿ ನಿಲ್ಲುತ್ತದೆ. ಕಾಲರಿಗೆ ತಗಲುವ ಖರ್ಚು ತೀರ ಸಣ್ಣದು, ನೇರ ಬೋರಿನ ಹಬ್ ಇರುವ ಪ್ರತಿ ಬೋಟಿಗೂ ಇದು ಬೇಕು.

ಅಲೈನ್‌ಮೆಂಟ್

ಹಿಡಿತ ಎಷ್ಟಿದ್ದರೂ ಎರಡು ಫ್ಲೇಂಜ್ ಒಂದೇ ನೇರದಲ್ಲಿ ಇಲ್ಲದಿದ್ದರೆ ಶಾಫ್ಟ್ ಪ್ರತಿ ಸುತ್ತಿಗೂ ಬಾಗುತ್ತದೆ, ಟೇಪರಿನ ದೊಡ್ಡ ತುದಿಗೆ ಅದೇ ಶತ್ರು. ಬೋಲ್ಟ್ ಹಾಕುವ ಮುನ್ನ ಮುಖಗಳ ನಡುವೆ ನಾಲ್ಕು ಕಡೆ ಫೀಲರ್ ಗೇಜ್ ಹಾಕಿ ನೋಡುವುದು ಕ್ರಮ. ಫ್ಲೇಂಜಿನ ಪ್ರತಿ 25 ಮಿಮೀ ವ್ಯಾಸಕ್ಕೆ 0.025 ಮಿಮೀ ವ್ಯತ್ಯಾಸದವರೆಗೆ ಸಹಿಸಬಹುದು. 150 ಮಿಮೀ ಫ್ಲೇಂಜಿಗೆ 0.15, ಗುರಿ 0.10. ಗ್ಲ್ಯಾಂಡಿನಿಂದ ಚಾಚಿಕೊಂಡ ಶಾಫ್ಟ್ ಹಬ್ಬಿನ ಭಾರಕ್ಕೆ ಜೋಲುತ್ತದೆ, ಅದನ್ನು ಎತ್ತಿ ಹಿಡಿದೇ ಅಳೆಯಬೇಕು.

ಸ್ಲಿಪ್ ಮೇಲೆ ಅಳತೆ 0.06 ಬಂದಿತ್ತು. ನೀರಿಗಿಳಿಸಿ ಒಂದು ರಾತ್ರಿ ಬಿಟ್ಟು, ಡೀಸೆಲ್ ಟ್ಯಾಂಕ್ ತುಂಬಿಸಿ, ಐಸ್ ಹಾಕಿದ ಮೇಲೆ ಅದೇ ಅಳತೆ 0.22. ದಿಮ್ಮಿಗಳ ಮೇಲೆ ಕೂತ ಒಡಲಿನ ಆಕಾರ ಬೇರೆ, ನೀರು ಎತ್ತಿ ಹಿಡಿದ ಒಡಲಿನ ಆಕಾರ ಬೇರೆ. ಎಂಜಿನ್ನಿನ ಹಿಂದಿನ ಎರಡು ಕಾಲಿನ ಕೆಳಗಿಂದ ತೆಳು ಶಿಮ್ (ಎತ್ತರ ಹೊಂದಿಸುವ ತಗಡು) ತೆಗೆದು 0.09ಕ್ಕೆ ತಂದ ಮೇಲೆಯೇ ಬೋಲ್ಟ್ ಬಿಗಿದದ್ದು. ಸ್ಲಿಪ್ ಮೇಲಿನ ಅಳತೆ ನಂಬಿ ಬೋಟ್ ಕಳಿಸುವವರು ಈ ಒಂದು ಹೆಜ್ಜೆ ಬಿಡದಿರಲಿ.

ಆಮೇಲೆ

10 ಗಂಟೆ ಓಡಿದ ಮೇಲೆ ಸ್ಪೇಸರ್ ಬಿಚ್ಚಿ ನಟ್ಟನ್ನು ಮತ್ತೆ 44 ಕೆಜಿಗೆ ಎಳೆದಾಗ ಡಯಲ್ 0.02 ಮಿಮೀ ಮುಂದೆ ಸರಿಯಿತು. ಹೊಸ ಮೈಗಳ ಉಬ್ಬುತಗ್ಗು ಅಮರುವುದರಿಂದ ಇಷ್ಟು ಆಗುತ್ತದೆ. ಆನಂತರ ವಾರಕ್ಕೊಮ್ಮೆ ಕಿಂಡಿಯಿಂದ ಟಾರ್ಚ್ ಹಾಕಿ ಬಿಳಿ ಗೆರೆ ನೋಡುವುದು, ಹಬ್ಬಿನ ಬಾಯಿಗೆ ಬಿಳಿ ಬಟ್ಟೆ ಒರೆಸಿ ಕೆಂಪು ಹುಡಿ ಹುಡುಕುವುದು, ಇಷ್ಟೇ ಉಸ್ತುವಾರಿ. ಮೇ ಕೊನೆಯವರೆಗೂ ಬಟ್ಟೆಗೆ ಹತ್ತಿದ್ದು ಎಣ್ಣೆಯ ಕಪ್ಪು ಮಾತ್ರ.

ಜೂನಿನಲ್ಲಿ ಬೋಟ್ ಮೇಲೆ ಬಂದಾಗ ಸ್ಪೇಸರ್ ತೆಗೆದು, ನಟ್ಟನ್ನು ಎರಡು ಸುತ್ತು ಸಡಿಲಿಸಿ ಅಲ್ಲೇ ಬಿಟ್ಟು, ಪುಲ್ಲರ್ ಬಿಗಿದು ಹಬ್ಬಿನ ಬದಿಗೆ ಒಂದು ಪೆಟ್ಟು ಕೊಟ್ಟರು. ‘ಟಣ್’ ಎಂದು ಬಿಟ್ಟಿತು. ನಟ್ ಪೂರ್ತಿ ಕಳಚಿದ್ದರೆ ಹಬ್ ಹಾರಿ ಗೇರ್‌ಬಾಕ್ಸಿಗೆ ಬಡಿಯುತ್ತಿತ್ತು. ಟೇಪರಿನ ಮೈ ಉದ್ದಕ್ಕೂ ಒಂದೇ ಬೂದು ಬಣ್ಣ, ಎಲ್ಲೂ ಹುಡಿಯಿಲ್ಲ. ಕೀಯ ಎರಡೂ ಬದಿಯಲ್ಲಿ ಡಿಸೆಂಬರಿನಲ್ಲಿ ಎಳೆದ ಅರದ ಗೀರುಗಳು ಚಪ್ಪಟೆಯಾಗದೆ ಹಾಗೇ ಇದ್ದವು. ಅದೇ ಕೀಯನ್ನು ಒರೆಸಿ ಮತ್ತೆ ಹಾಕಿದರು. ಹಬ್ ಕೂರಿಸಿದಾಗ 44 ಕೆಜಿಗೆ ಡಯಲ್ ತೋರಿಸಿದ್ದು 0.32.